ಮಕ್ಕಳ ರಕ್ತಕ್ಯಾನ್ಸರ್: ಕಸಿಯ ಕಾಲ ಮುಗಿಯಿತೇ?

ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುವುದು ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಅಂದರೆ ಬಲಿಯದ ಬಿಳಿ ರಕ್ತಕಣಗಳು ಮೂಳೆಯೊಳಗಿನ ಮಜ್ಜೆಯನ್ನು ತುಂಬಿಕೊಳ್ಳುವ ರಕ್ತಕ್ಯಾನ್ಸರ್. ಶ್ರೀಮಂತ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಮುಖ್ಯವಾಗಿ ಕೀಮೋಥೆರಪಿಯಿಂದಲೇ ಗುಣವಾಗುತ್ತಿದ್ದು, ರೋಗ ಮರುಕಳಿಸಿದ ಅನೇಕರಿಗೆ ಮಜ್ಜೆಯ ಆಕರಕೋಶಗಳ ಕಸಿಯೊಂದೇ ದಾರಿಯೆಂದು ಬಹುಕಾಲ ನಂಬಲಾಗಿತ್ತು. ಪ್ರತಿರಕ್ಷಾ ಚಿಕಿತ್ಸೆ ಬಂದ ಮೇಲೆ ಕಸಿಯ ಕಾಲ ಮುಗಿಯಿತೆಂಬ ಮಾತು ಕೇಳಿಬರುತ್ತಿದೆಯಾದರೂ, ಇವೆರಡನ್ನು ಎದುರಾಳಿಗಳೆಂದು ಭಾವಿಸುವುದು ಕಸಿಯ ಚರಿತ್ರೆಯನ್ನೇ ಮರೆತಂತೆ.

ಮಜ್ಜೆಯ ಕಸಿಗಾಗಿ 1990ರಲ್ಲಿ ನೊಬೆಲ್ ಪಡೆದ ಡಾನಲ್ ಥಾಮಸ್ ಅವರ ಸಿಯಾಟಲ್ ತಂಡ ಮೊದಲಿಗೆ ನೆಚ್ಚಿಕೊಂಡಿದ್ದು ವಿಕಿರಣವನ್ನೂ ಔಷಧಿಗಳನ್ನೂ. ಕೆಟ್ಟ ಮಜ್ಜೆಯನ್ನು ಅವುಗಳಿಂದ ನಾಶಮಾಡಿ, ತೆರವಾದ ಜಾಗವನ್ನು ದಾನಿಯ ಮಜ್ಜೆಯಿಂದ ತುಂಬಿದರೆ ಸಾಕೆಂಬುದು ಎಣಿಕೆ. ಅದೇ ತಂಡ 1979ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ತೋರಿತು: ದಾನಿಯ ಪ್ರತಿರಕ್ಷಾ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳ ಮೇಲೆ ಎರಗುವ ತೊಂದರೆಗೆ ಸಿಕ್ಕವರಲ್ಲಿಯೇ ಲ್ಯುಕೇಮಿಯಾ ಮರುಕಳಿಸುವುದು ಕಡಿಮೆ, ತದ್ರೂಪಿ ಅವಳಿಯಿಂದ ಮಜ್ಜೆ ಪಡೆದವರಿಗೆ ಆ ತೊಂದರೆಯೂ ಇಲ್ಲ, ಆ ರಕ್ಷಣೆಯೂ ಇಲ್ಲ. ಕಸಿ ಮೊದಲಿನಿಂದಲೂ ಪ್ರತಿರಕ್ಷಾ ಚಿಕಿತ್ಸೆಯೇ ಆಗಿತ್ತು, ಆದರೆ ಸ್ವಪರ ವಿವೇಚನೆಯಿಲ್ಲದ್ದು.

ಕಾರ್-ಟಿ ಚಿಕಿತ್ಸೆ ಅದಕ್ಕೊಂದು ಗುರಿ ಕೊಟ್ಟಿತು. ಮಗುವಿನದೇ ಪ್ರತಿರಕ್ಷಾ ಕೋಶಗಳಾದ ಟಿ ಕೋಶಗಳನ್ನು ರಕ್ತದಿಂದ ಬೇರ್ಪಡಿಸಿ, ಈ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವ ಬಿ ಕೋಶಗಳ ಮೈಮೇಲಿರುವ ಸಿಡಿ19 ಪ್ರೋಟೀನನ್ನು ಗುರುತಿಸುವ ಗ್ರಾಹಕದ ಜೀನನ್ನು ಅವುಗಳಿಗೆ ಸೇರಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ, ಮರಳಿ ರಕ್ತನಾಳಕ್ಕೆ ಹರಿಸುವುದು ಇದರ ಕ್ರಮ. 2012ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಇದನ್ನು ಪಡೆದ ಮೊದಲ ಮಗು, ಕೆರಳಿದ ಪ್ರತಿರಕ್ಷೆಯಿಂದ ಸಾವಿನ ಬಾಗಿಲಿಗೆ ಹೋಗಿದ್ದಾಗ, ಐಎಲ್-6 ಎಂಬ ಉರಿಯೂತದ ಸಂಕೇತವನ್ನು ತಡೆಯುವ ಸಂಧಿವಾತದ ಔಷಧಿ ಆಕೆಯನ್ನು ಉಳಿಸಿತು. ಗುರಿಯಿದ್ದಷ್ಟಕ್ಕೆ ಚಿಕಿತ್ಸೆ ಸೌಮ್ಯವಾಗುವುದಿಲ್ಲ; ಶಾಶ್ವತವೂ ಆಗುವುದಿಲ್ಲ. ಕ್ಯಾನ್ಸರ್ ಕೋಶಗಳು ಸಿಡಿ19ನ್ನೇ ಕಳಚಿಕೊಂಡು ತಪ್ಪಿಸಿಕೊಳ್ಳಬಹುದು, ಇಲ್ಲವೇ ಕಾವಲಿಗೆ ಬಿಟ್ಟ ಟಿ ಕೋಶಗಳೇ ಬೇಗ ಅಳಿಯಬಹುದು. ಸಿಡಿ19 ಹೊತ್ತ ಆರೋಗ್ಯವಂತ ಬಿ ಕೋಶಗಳು ಕೆಲವೇ ತಿಂಗಳಲ್ಲಿ ಮರಳಿ ಕಾಣಿಸಿಕೊಂಡರೆ ಕಾವಲು ತಪ್ಪಿತೆಂದು ತಿಳಿದು, ಅನೇಕ ವೈದ್ಯರು ಕಸಿಯನ್ನೇ ಸೂಚಿಸುತ್ತಾರೆ.

ಕಸಿ ಹಿಂದೆ ಸರಿಯುವುದಾದರೆ ಅದಕ್ಕೆ ಕಾರಣ ಬೇರೆಡೆ ಇದೆ. ಒಂದು ಕೈಯಲ್ಲಿ ಟಿ ಕೋಶವನ್ನೂ ಇನ್ನೊಂದರಲ್ಲಿ ಕ್ಯಾನ್ಸರ್ ಕೋಶವನ್ನೂ ಹಿಡಿದು ಹತ್ತಿರ ತರುವ ಬ್ಲಿನಾಟುಮೊಮ್ಯಾಬ್ ಎಂಬ ಪ್ರತಿಕಾಯವನ್ನು, ಆಗಷ್ಟೇ ರೋಗ ಪತ್ತೆಯಾದ, ಸಾಧಾರಣ ಅಪಾಯದ ವರ್ಗದ ಮಕ್ಕಳಿಗೆ ಕೀಮೋಥೆರಪಿಯೊಡನೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು: ಮೂರು ವರ್ಷ ರೋಗಮುಕ್ತರಾಗಿ ಉಳಿದವರ ಪ್ರಮಾಣ ಸುಮಾರು ಶೇ. 88ರಿಂದ ಶೇ. 96ಕ್ಕೆ ಏರಿತ್ತು. ಮರುಕಳಿಕೆಯೇ ಕಡಿಮೆಯಾದಂತೆ ಕಸಿಯವರೆಗೆ ಹೋಗಬೇಕಾದ ಮಕ್ಕಳೂ ಕಡಿಮೆಯಾಗುತ್ತಾರೆ.