ವೇಗವೊಂದೇ ಸಾಲದು, ಹಂಚಿಕೆಯೂ ಸರಿಯಿರಬೇಕು

ಹೊಸ ಸೂಪರ್ ಕಂಪ್ಯೂಟರ್ ಉದ್ಘಾಟನೆಯಾದಾಗಲೆಲ್ಲ ಸುದ್ದಿಯಾಗುವುದು ಅದರ ಗರಿಷ್ಠ ವೇಗ. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪನೆಯಾದ ‘ಪರಮ್ ಪ್ರವೇಗ’ದ ಸಾಮರ್ಥ್ಯ 3.3 ಪೆಟಾಫ್ಲಾಪ್, 2024ರಲ್ಲಿ ಹವಾಮಾನ ಸಂಶೋಧನೆಗೆಂದು ಪುಣೆಯಲ್ಲಿ ಉದ್ಘಾಟನೆಯಾದ ‘ಅರ್ಕ’ದ್ದು 11.77. ಒಂದು ಪೆಟಾಫ್ಲಾಪ್ ಎಂದರೆ ಸೆಕೆಂಡಿಗೆ ಸಾವಿರ ಲಕ್ಷ ಕೋಟಿ ಲೆಕ್ಕಾಚಾರ. ಆದರೆ ಯಾವ ಕೆಲಸಕ್ಕೆ ಯಾವ ಪ್ರೊಸೆಸರ್‌ಗಳನ್ನು ಕೊಡಬೇಕು ಎಂಬ ಹಂಚಿಕೆ ಸರಿಯಿಲ್ಲದಿದ್ದರೆ ಈ ಸಾಮರ್ಥ್ಯದ ಬಹುಪಾಲು ಕಾಗದದ ಮೇಲೆಯೇ ಉಳಿಯುತ್ತದೆ.

ಹವಾಮಾನ ಮುನ್ಸೂಚನೆಯನ್ನೇ ತೆಗೆದುಕೊಳ್ಳಿ. ಭೂಪಟವನ್ನು ಚೌಕಗಳಾಗಿ ವಿಭಜಿಸಿ ಅವುಗಳನ್ನು ಸಾವಿರಾರು ಪ್ರೊಸೆಸರ್‌ಗಳಿಗೆ ಹಂಚಲಾಗುತ್ತದೆ. ಪ್ರತಿ ಹಂತದಲ್ಲೂ ಪ್ರತಿಯೊಂದು ಪ್ರೊಸೆಸರ್ ತನ್ನ ಗಡಿಯ ಗಾಳಿ, ಉಷ್ಣತೆ, ತೇವಾಂಶದ ವಿವರಗಳನ್ನು ನೆರೆಯ ಚೌಕಗಳಿಗೆ ತಿಳಿಸಲೇಬೇಕು. ಈ ಪ್ರೊಸೆಸರ್‌ಗಳು ಜಾಲದಲ್ಲಿ ದೂರದೂರ ಚದುರಿದ್ದರೆ, ಸಂದೇಶಗಳು ಅನ್ಯ ಕೆಲಸಗಳ ಸಂದೇಶಗಳೊಡನೆ ಒಂದೇ ದಾರಿಯಲ್ಲಿ ಸಾಗಬೇಕಾಗುತ್ತದೆ. ಒಂದು ಸಂದೇಶ ತಡವಾದರೂ ಉಳಿದವೆಲ್ಲ ಕಾಯಬೇಕು.

ಹಾಗಾದರೆ ಒತ್ತೊತ್ತಾಗಿರುವ ಪ್ರೊಸೆಸರ್‌ಗಳನ್ನೇ ಕೊಡಬಾರದೇಕೆ? ಮದುವೆಯ ಊಟದ ಪಂಕ್ತಿಯಲ್ಲಿ ಅಲ್ಲಲ್ಲಿ ಹನ್ನೆರಡು ಎಲೆ ಖಾಲಿಯಿದ್ದರೂ, ಒಟ್ಟಿಗೇ ಕೂರಬೇಕೆನ್ನುವ ಹತ್ತು ಜನರ ಕುಟುಂಬ ನಿಂತೇ ಇರಬೇಕಾಗುತ್ತದೆ. ಇಲ್ಲಿಯೂ ಅಷ್ಟೆ: ಪ್ರೊಸೆಸರ್‌ಗಳು ಬಿಡುವಾಗಿದ್ದರೂ ಕೆಲಸ ಸರದಿಯಲ್ಲೇ ಉಳಿಯುತ್ತದೆ. ಐಬಿಎಂನ ‘ಬ್ಲೂ ಜೀನ್/ಎಲ್’ ಪ್ರತಿ ಕೆಲಸಕ್ಕೂ ಪ್ರತ್ಯೇಕ ಖಂಡವನ್ನೇ ಮೀಸಲಿಟ್ಟು ಈ ನಷ್ಟವನ್ನು ಒಪ್ಪಿಕೊಂಡಿತು. ಬಿಡುವಿದ್ದ ಕಡೆ ಜಾಗ ಕೊಡುವ ದಾರಿ ಹಿಡಿದ ಕ್ರೇ ಎಕ್ಸ್‌ಟಿ ಯಂತ್ರಗಳಲ್ಲಿ ಖಾಲಿ ಜಾಗ ಕಡಿಮೆಯಾಯಿತು; ಆದರೆ ಒಂದೇ ಪ್ರೋಗ್ರಾಂ ಒಂದೊಂದು ದಿನ ಒಂದೊಂದು ಅವಧಿ ತೆಗೆದುಕೊಳ್ಳತೊಡಗಿತು. ಅಮೆರಿಕದ ಇಲಿನಾಯ್ಸ್ ವಿಶ್ವವಿದ್ಯಾಲಯದಲ್ಲಿ 2013ರಲ್ಲಿ ಸೇವೆಗೆ ಬಂದ ‘ಬ್ಲೂ ವಾಟರ್ಸ್’ ಇದೇ ಕಾರಣಕ್ಕೆ ಮುಂದೆ ಜಾಲದ ವಿನ್ಯಾಸವನ್ನು ಗಮನಿಸಿ ಹಂಚುವ ವಿಧಾನಕ್ಕೆ ಹೊರಳಿತು.

ಎಲ್ಲ ಯಂತ್ರಗಳಿಗೂ ಒಂದೇ ನೀತಿ ಸಲ್ಲದು. ನಿಗದಿತ ಗಳಿಗೆಗೆ ಮುನ್ಸೂಚನೆ ನೀಡಬೇಕಾದ ಕೇಂದ್ರ, ಕೆಲವು ಪ್ರೊಸೆಸರ್‌ಗಳು ಖಾಲಿ ಉಳಿದರೂ ಸರಿ, ಒತ್ತಾದ ಖಂಡವನ್ನೇ ಕೊಡಬೇಕು. ನೂರಾರು ವಿದ್ಯಾರ್ಥಿಗಳ ಸಣ್ಣ ಸಣ್ಣ ಕೆಲಸ ನಿರ್ವಹಿಸುವ ವಿಶ್ವವಿದ್ಯಾಲಯದಲ್ಲಿ ಚದುರಿದ ಹಂಚಿಕೆಯೇ ನ್ಯಾಯ.

ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್‌ಗೆ 2015ರಲ್ಲಿ ಮಂಜೂರಾದ ಮೊತ್ತ 4,500 ಕೋಟಿ ರೂಪಾಯಿ. ಇದು ಸಾರ್ವಜನಿಕರ ಹಣ. ‘ಯಂತ್ರ ಸದಾ ಕಾರ್ಯನಿರತ’ ಎಂಬ ಅಂಕಿ ಇಲ್ಲಿ ಸಮಜಾಯಿಷಿಯಾಗದು. ಸಂದೇಶಕ್ಕಾಗಿ ಕಾಯುತ್ತಾ ಕುಳಿತ ಪ್ರೊಸೆಸರ್ ಕೂಡ ಆ ಲೆಕ್ಕದಲ್ಲಿ ಕಾರ್ಯನಿರತವೇ. ಸರದಿಯಲ್ಲಿ ಕಾದ ಸಮಯ, ಖಾಲಿ ಉಳಿದ ಪ್ರಮಾಣ, ಒಂದೇ ಕೆಲಸದ ಅವಧಿಯಲ್ಲಾಗುವ ಏರುಪೇರು – ಈ ಮೂರನ್ನೂ ಪ್ರತಿ ಕೇಂದ್ರ ವರ್ಷಕ್ಕೊಮ್ಮೆ ಪ್ರಕಟಿಸುವುದು ಕಡ್ಡಾಯವಾಗಲಿ. ಯಂತ್ರ ಕೊಳ್ಳುವಾಗ ತೋರುವ ಉತ್ಸಾಹ ಅದನ್ನು ನಡೆಸುವ ಪರಿಣತರನ್ನು ಬೆಳೆಸುವುದರಲ್ಲೂ ಕಾಣಲಿ. ಮಳೆ ಸುರಿದ ಮೇಲೆ ಕೈಸೇರುವ ಮುನ್ಸೂಚನೆಯಿಂದ ರೈತನಿಗೆ ಪ್ರಯೋಜನವಿಲ್ಲ.