ನೆರೆಹೊರೆಯ ವ್ಯಾಪಾರ

ನೆರೆಮನೆಯೊಡನೆ ಹಗೆ ಸಾಧಿಸುವ ಮನೆಗೆ ನೆಮ್ಮದಿಯಿಲ್ಲ. ಈ ಮಾತು ರಾಷ್ಟ್ರಗಳಿಗೂ ಸಲ್ಲುತ್ತದೆ. ಫ್ರಾನ್ಸ್ ಮತ್ತು ಜರ್ಮನಿಗಳು 1870ರಿಂದ 1945ರವರೆಗೆ ಮೂರು ಬಾರಿ ರಣರಂಗದಲ್ಲಿ ಎದುರುಬದುರಾದವು. ಲಕ್ಷಾಂತರ ತರುಣರು ಅಸುನೀಗಿದರು. ಫಿರಂಗಿಗೆ ಉಕ್ಕು ಬೇಕು. ಉಕ್ಕಿಗೆ ಕಲ್ಲಿದ್ದಲು ಬೇಕು. ಇವೆರಡರ ಉತ್ಪಾದನೆಯನ್ನು ಉಭಯ ರಾಷ್ಟ್ರಗಳಿಗೂ ಸಮಾನವಾದ ಒಂದು ಆಡಳಿತಕ್ಕೆ ಒಪ್ಪಿಸಿದರೆ ಯುದ್ಧವೇ ಅಸಾಧ್ಯವಾದೀತೆಂದು ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಶೂಮನ್ 1950ರಲ್ಲಿ ಸಾರಿದರು. ಮರುವರ್ಷ ಪ್ಯಾರಿಸ್ಸಿನಲ್ಲಿ ಆರು ರಾಷ್ಟ್ರಗಳು ಈ ಒಪ್ಪಂದಕ್ಕೆ ಸಹಿ ಮಾಡಿದವು. ಇಂದಿನ ಐರೋಪ್ಯ ಒಕ್ಕೂಟಕ್ಕೆ ಅದೇ ಅಸ್ತಿಭಾರ.

ದಕ್ಷಿಣ ಏಷ್ಯದ ಏಳು ರಾಷ್ಟ್ರಗಳೂ 1985ರಲ್ಲಿ ಢಾಕಾದಲ್ಲಿ ಸಾರ್ಕ್ ಸಂಘಟನೆಯನ್ನು ಸ್ಥಾಪಿಸಿದವು. 2004ರಲ್ಲಿ ಸಹಿಯಾದ ಮುಕ್ತ ವ್ಯಾಪಾರ ಒಪ್ಪಂದವು 2006ರಲ್ಲಿ ಜಾರಿಗೆ ಬಂದಿತು. ಆದರೆ ಸುಂಕ ಇಳಿಸಲೊಪ್ಪದ ಸರಕುಗಳ ಪಟ್ಟಿಯನ್ನು ಪ್ರತಿಯೊಂದು ರಾಷ್ಟ್ರವೂ ಇರಿಸಿಕೊಂಡಿತು. ಈ ರಾಷ್ಟ್ರಗಳ ಒಟ್ಟು ವ್ಯಾಪಾರದಲ್ಲಿ ನೆರೆಹೊರೆಯ ಪಾಲು ಸುಮಾರು ಶೇಕಡ 5 ಮಾತ್ರ. 2014ರ ಕಠ್ಮಂಡು ಸಮ್ಮೇಳನದ ತರುವಾಯ ಇನ್ನೊಂದು ಶೃಂಗಸಭೆ ನಡೆದಿಲ್ಲ.

ವಿಶ್ವಾಸ ಮೂಡಿದ ಮೇಲೆ ವ್ಯಾಪಾರವೆಂದು ಹಲವರು ವಾದಿಸುತ್ತಾರೆ. ಗಡಿಯಾಚೆಯ ಹಿಂಸೆಯನ್ನು ಯಾವ ರಾಷ್ಟ್ರವೂ ಸಹಿಸಬೇಕಾಗಿಲ್ಲ, ನಿಜ. ಆದರೆ ಶೂಮನ್ ಕೈಚಾಚಿದ್ದು ಮಹಾಯುದ್ಧ ಮುಗಿದ ಐದೇ ವರ್ಷಗಳಲ್ಲಿ. ಗಾಯಗಳು ಇನ್ನೂ ಮಾಗಿರಲಿಲ್ಲ. ಅಲ್ಲಿ ವಿಶ್ವಾಸವು ವ್ಯಾಪಾರದ ಬೀಜವಾಗಿರಲಿಲ್ಲ, ಫಲವಾಗಿತ್ತು. ಎಲ್ಲರೂ ತಲೆಬಾಗುವ ನಿಯಮವಿದ್ದುದರಿಂದ ಆ ಫಲ ದೊರಕಿತು. ಹಗೆಯ ನೆನಪು ಅಳಿಯಲೆಂದು ಕಾಯುವವರು ಬಹುಕಾಲ ಕಾಯಬೇಕಾದೀತು; ಸಣ್ಣದೊಂದು ಸರಕಿನಿಂದಾದರೂ ಕೊಡುಕೊಳ್ಳುವಿಕೆಯನ್ನು ಆರಂಭಿಸುವುದೇ ವಿವೇಕ.