ಗಾಣಕ್ಕೆ ಕಟ್ಟಿದ ಪಂದ್ಯದ ಕುದುರೆ

ಬೆಂಗಳೂರಿನ ಹೃದಯಭಾಗದಲ್ಲಿ ಕುದುರೆ ಪಂದ್ಯದ ಮೈದಾನವೊಂದಿದೆ. ಅಲ್ಲಿ ಓಡುವ ಕುದುರೆಗಳು ಲಕ್ಷಗಟ್ಟಲೆ ಬೆಲೆಯವು. ಅವುಗಳ ಓಟವನ್ನು ನೋಡುವುದು ಕಣ್ಣಿಗೆ ಹಬ್ಬವೇ ಸರಿ. ಆದರೆ ಆ ಕುದುರೆಗಳ ಒಡೆಯರಲ್ಲಿ ಯಾರೂ ಸೋಮವಾರ ಬೆಳಗ್ಗೆ ಅವುಗಳ ಬೆನ್ನೇರಿ, ಊಟದ ಡಬ್ಬಿಯನ್ನು ಹೆಗಲಿಗೆ ತೂಗುಹಾಕಿಕೊಂಡು, ಮೆಜೆಸ್ಟಿಕ್ಕಿನ ಜನಜಂಗುಳಿಯ ನಡುವೆ ಕಚೇರಿಗೆ ಹೋದದ್ದನ್ನು ಕಂಡವರಿಲ್ಲ. ಹಾಗೇನಾದರೂ ಹೋದರೆ ಊರು ನಗುತ್ತದೆ, ಪೋಲೀಸರು ತಡೆಯುತ್ತಾರೆ, ಕುದುರೆಯ ಮೇಲಿನ ಕನಿಕರದಿಂದ ಪ್ರಾಣಿದಯೆಯುಳ್ಳವರು ದೂರು ಕೊಡುತ್ತಾರೆ. ಇದೇ ಕೆಲಸವನ್ನು ಇನ್ನೂರು ಕುದುರೆಗಳ ಬಲವುಳ್ಳ ಯಂತ್ರದ ಮೇಲೆ ಕುಳಿತು ಮಾಡಿದರೆ ಮಾತ್ರ ಯಾರೂ ನಗುವುದಿಲ್ಲ. ದಾರಿಯ ಬದಿಗೆ ಸರಿದು ನಿಂತು ಬೆರಗಿನಿಂದ ನೋಡುತ್ತೇವೆ. ಈ ಬೆರಗೇ ನನ್ನ ತಕರಾರಿನ ವಿಷಯ.

ಮಾತು ಯಾವ ಯಂತ್ರವನ್ನು ಕುರಿತದ್ದು ಎಂಬುದನ್ನು ಮೊದಲೇ ಸ್ಪಷ್ಟಪಡಿಸುವುದು ಲೇಸು. ಮೋಟಾರು ಸೈಕಲ್ಲಿನ ಮೇಲೆ ನನಗೆ ಹಗೆಯಿಲ್ಲ. ಮಧ್ಯಮವರ್ಗದ ಸಂಸಾರಗಳನ್ನು ಸಿಟಿ ಬಸ್ಸಿನ ಸಾಲಿನಿಂದ ಬಿಡಿಸಿದ ಉಪಕಾರ ಅದರದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಆರಂಭಿಸಿ 1996ರಲ್ಲಿ ಬಾಗಿಲು ಹಾಕುವವರೆಗೆ, ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿ ಗಾಡಿಗಳ ಮೇಲೆ ಮೇಷ್ಟರುಗಳೂ ಗುಮಾಸ್ತರೂ ಓವರ್‌ಸಿಯರುಗಳೂ ಹೆಂಡತಿ ಮಕ್ಕಳೊಡನೆ ತಿರುಗಾಡಿದರು. 250 ಸಿ.ಸಿ.ಯ ಆ ಗಾಡಿಗಳ ಬಲ ಹೆಚ್ಚೆಂದರೆ ಹದಿನಾರು ಅಶ್ವಶಕ್ತಿಯ ಆಸುಪಾಸು. ಈಗ ಪೇಟೆಯಲ್ಲಿ ಪಂದ್ಯದ ಗಾಡಿಯ ವೇಷ ತೊಟ್ಟ 150 ಸಿ.ಸಿ.ಯ ಸಾಧು ಗಾಡಿಗಳೂ ಇವೆ. ಅವುಗಳ ವೇಷವಷ್ಟೇ ಜೋರು, ಬಲ ಇಪ್ಪತ್ತರೊಳಗೆ. ಅವುಗಳನ್ನೂ ಬಿಟ್ಟುಬಿಡೋಣ.

ನನ್ನ ಮಾತು ನಿಜವಾದ ಪಂದ್ಯದ ಗಾಡಿಯನ್ನು ಕುರಿತದ್ದು. 1985ರಲ್ಲಿ ಜಪಾನಿನ ಸುಜುಕಿ ಕಂಪನಿ ಜಿಎಸ್ಎಕ್ಸ್-ಆರ್ 750 ಎಂಬ ಗಾಡಿಯನ್ನು ಪೇಟೆಗೆ ತಂದ ಮೇಲೆ, ಪಂದ್ಯದ ಮೈದಾನದ ಯಂತ್ರಕ್ಕೆ ದೀಪವನ್ನೂ ನಂಬರು ಹಲಗೆಯನ್ನೂ ಕಟ್ಟಿ ಬೀದಿಗೆ ಬಿಡುವ ಪದ್ಧತಿ ಬೇರೂರಿತು. 1999ರಲ್ಲಿ ಬಂದ ಅದೇ ಕಂಪನಿಯ ಹಯಾಬುಸಾ ಗಂಟೆಗೆ 300 ಕಿ.ಮೀ. ವೇಗವನ್ನು ಮುಟ್ಟಿತು. ಈ ಪೈಪೋಟಿ ಎಲ್ಲಿಗೆ ಹೋಗಿ ನಿಂತೀತೆಂದು ತಯಾರಕರೇ ಅಂಜಿ, ತಮ್ಮತಮ್ಮಲ್ಲಿ ಒಪ್ಪಿಕೊಂಡು 300ಕ್ಕೆ ತಡೆ ಹಾಕಿದರು. ಕವಾಸಾಕಿಯ ಝಡ್ಎಕ್ಸ್-10ಆರ್ ಎಂಬುದು 998 ಸಿ.ಸಿ.ಯ ಯಂತ್ರ, ಬಲ ಸುಮಾರು ಇನ್ನೂರು ಅಶ್ವಶಕ್ತಿ. ಇಂಥ ಗಾಡಿ ಮೊದಲನೆಯ ಗೇರಿನಲ್ಲಿಯೇ ಗಂಟೆಗೆ 100 ಕಿ.ಮೀ. ದಾಟಬಲ್ಲದು. ಉಳಿದ ಐದು ಗೇರುಗಳು ಯಾವ ಊರಿಗೆ ಎಂದು ಕೇಳುವವರಿಲ್ಲ.

ಊರಿನ ಲೆಕ್ಕವನ್ನೂ ನೋಡೋಣ. ಜಗತ್ತಿನ ನಗರಗಳ ವಾಹನ ಸಂಚಾರವನ್ನು ಅಳೆಯುವ ಟಾಮ್‌ಟಾಮ್ ಸಂಸ್ಥೆಯ ಪ್ರಕಾರ, 2023ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡು ಬೇಕಾಗಿತ್ತು. ಎಂದರೆ ಗಂಟೆಗೆ ಇಪ್ಪತ್ತೊಂದು ಕಿಲೋಮೀಟರು. ಎರಡು ಚಕ್ರದವನು ಕಾರುಗಳ ಸಂದಿಯಲ್ಲಿ ನುಸುಳಿ ಇದಕ್ಕಿಂತ ಬೇಗ ಹೋಗುತ್ತಾನೆಂಬುದು ನಿಜ. ಆದರೆ ನುಸುಳುವ ಆ ಕೆಲಸಕ್ಕೆ ಬೇಕಾದದ್ದು ಹಗುರವಾದ, ಚಿಕ್ಕದಾದ, ಸುಲಭವಾಗಿ ತಿರುಗುವ ಗಾಡಿ. ಪಂದ್ಯದ ಗಾಡಿ ಎರಡು ಕ್ವಿಂಟಲ್ ತೂಗುತ್ತದೆ, ಅದರ ಹ್ಯಾಂಡಲ್ ತಿರುಗುವುದೇ ಕಡಿಮೆ. ಸಿಲ್ಕ್ ಬೋರ್ಡಿನ ಬಳಿ ಹಿಂತಿರುಗಬೇಕಾದರೆ ಅದರ ಒಡೆಯ ಇಳಿದು ತಳ್ಳಬೇಕಾದೀತು. ಆಗ ಪಕ್ಕದಲ್ಲಿ ಸ್ಕೂಟರಿನ ಮೇಲೆ ತರಕಾರಿ ಚೀಲ ಇಟ್ಟುಕೊಂಡ ತಾಯಿ ಅನಾಯಾಸವಾಗಿ ತಿರುಗಿ ಹೋಗುತ್ತಾಳೆ.

ಆ ಯಂತ್ರದ ಒಂದೊಂದು ಅಂಗವೂ ಬೇರೊಂದು ಲೋಕಕ್ಕಾಗಿ ಹುಟ್ಟಿದ್ದು. ಕೈಹಿಡಿಗಳು ತಗ್ಗಿನಲ್ಲಿವೆ, ಕಾಲಿಡುವ ಮೆಟ್ಟುಗಳು ಹಿಂದಕ್ಕೂ ಮೇಲಕ್ಕೂ ಸರಿದಿವೆ, ಸವಾರ ಟ್ಯಾಂಕಿನ ಮೇಲೆ ಬಾಗಿ ಮಲಗಬೇಕು. ಮೈದಾನದ ಮಹಾವೇಗದಲ್ಲಿ ಎದುರುಗಾಳಿ ಅವನ ಎದೆಯನ್ನು ಹೊತ್ತು ನಿಲ್ಲಿಸುತ್ತದೆ. ಇಪ್ಪತ್ತೊಂದು ಕಿಲೋಮೀಟರಿನ ವೇಗದಲ್ಲಿ ಹೊರುವ ಗಾಳಿ ಎಲ್ಲಿಯದು? ಇಡೀ ದೇಹದ ಭಾರ ಮಣಿಕಟ್ಟಿನ ಮೇಲೆ, ಕತ್ತಿನ ಮೇಲೆ ಬೀಳುತ್ತದೆ. ಓಡುವಾಗ ತಣ್ಣಗಾಗಬೇಕಾದ ಎಂಜಿನ್ನು ನಿಂತಲ್ಲಿಯೇ ಕಾದು, ಅದರ ಫ್ಯಾನು ಬಿಸಿಗಾಳಿಯನ್ನು ಸವಾರನ ಕಾಲಿಗೇ ಊದುತ್ತದೆ. ಟಯರಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಮೈದಾನದ ತಿರುವಿನಲ್ಲಿ ನೆಲಕ್ಕೆ ಒರಗುವಂತೆ ಬಾಗಲೆಂದು ಅದರ ಪಕ್ಕಗಳನ್ನು ಮೆತುವಾದ ರಬ್ಬರಿನಿಂದ ಮಾಡಿರುತ್ತಾರೆ. ಕಚೇರಿಯ ದಾರಿಯಲ್ಲಿ ನಡುಭಾಗ ಸವೆದು ಚಪ್ಪಟೆಯಾಗುತ್ತದೆ. ಪಕ್ಕಗಳು ಅಂಗಡಿಯಿಂದ ತಂದ ದಿನದಂತೆಯೇ ಉಳಿಯುತ್ತವೆ. ಒಡೆಯ ತನ್ನ ಗಾಡಿಯನ್ನು ಯಾವುದಕ್ಕೆ ಬಳಸಿದನೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮೂಗಿಗಿಂತ ಮೂಗುತಿ ಭಾರ ಎಂಬ ಮಾತು ಇಂಥ ಕಡೆಗೇ ಹುಟ್ಟಿರಬೇಕು.

“ನೋವು ಅವನದು, ದುಡ್ಡು ಅವನದು, ನಿಮಗೇನು ತೊಂದರೆ?” ಎಂದು ಕೆಲವರು ಕೇಳುತ್ತಾರೆ. ಮಣಿಕಟ್ಟಿನ ನೋವಿನಲ್ಲಿಯೇ ವಿಷಯ ಮುಗಿಯುತ್ತಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಆದರೆ ಮನುಷ್ಯ ಕೈಗೆ ಬಂದ ಬಲವನ್ನು ಬಳಸದೆ ಸುಮ್ಮನಿರಲಾರ. ಬೆಳಗ್ಗೆ ಒಂದು ಗಂಟೆ ತೆವಳಿದವನಿಗೆ, ಹೆಬ್ಬಾಳದ ಮೇಲುಸೇತುವೆ ದಾಟಿದೊಡನೆ ಅರ್ಧ ಮೈಲಿ ಖಾಲಿ ರಸ್ತೆ ಕಂಡರೆ, ಬಲಗೈ ತಾನಾಗಿ ತಿರುಗುತ್ತದೆ. ಆ ಅರ್ಧ ಮೈಲಿಯಲ್ಲಿ ಬಸ್ಸಿಗೆ ಓಡುವ ಹುಡುಗಿ ಇದ್ದಾಳೆ, ಕೈಗಾಡಿ ತಳ್ಳುವವನಿದ್ದಾನೆ, ರಸ್ತೆ ದಾಟಲು ಕೈ ಅಡ್ಡ ಹಿಡಿದು ನಿಂತ ಮುದುಕರಿದ್ದಾರೆ. ಬರುತ್ತಿರುವ ವಾಹನ ಇಷ್ಟು ದೂರದಲ್ಲಿದೆ, ಇಷ್ಟು ಹೊತ್ತಿಗೆ ಇಲ್ಲಿ ಮುಟ್ಟುತ್ತದೆ ಎಂದು ಅವರ ಕಣ್ಣು ಲೆಕ್ಕ ಹಾಕುತ್ತದೆ. ಆ ಲೆಕ್ಕ ಇತರ ವಾಹನಗಳ ವೇಗಕ್ಕೆ ಪಳಗಿದ ಲೆಕ್ಕ; ಪಂದ್ಯದ ಗಾಡಿ ಅದನ್ನು ಸುಳ್ಳು ಮಾಡುತ್ತದೆ.

“ಈ ಗಾಡಿಗಳ ಬ್ರೇಕು ಬಹಳ ಒಳ್ಳೆಯದು” ಎಂಬುದು ಎರಡನೆಯ ವಾದ. ನಿಜವೇ, ಸಾಮಾನ್ಯ ಗಾಡಿಗಿಂತ ಮೇಲಾದ ಬ್ರೇಕು ಇವಕ್ಕಿದೆ. ಆದರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. 120ರಲ್ಲಿ 33 ಮೀಟರು. ಕಣ್ಣು ಕಂಡು, ಮನಸ್ಸು ಅರಿತು, ಬೆರಳು ಬ್ರೇಕನ್ನು ಮುಟ್ಟುವುದಕ್ಕೆ ಒಂದು ಸೆಕೆಂಡು ಬೇಕು. ಯಾವ ಕಂಪನಿಯೂ ಆ ಸೆಕೆಂಡನ್ನು ಮಾರುವುದಿಲ್ಲ. ಅದಾದ ಮೇಲೆ, ವೇಗ ಇಮ್ಮಡಿಯಾದರೆ ನಿಲ್ಲುವ ದೂರ ನಾಲ್ಮಡಿಯಾಗುತ್ತದೆಂಬುದು ಹೈಸ್ಕೂಲಿನ ಪಾಠ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ನೂರಕ್ಕೆ ನಲವತ್ತನಾಲ್ಕರಷ್ಟು ಜನ ದ್ವಿಚಕ್ರ ವಾಹನದವರು. ನೂರಕ್ಕೆ ಎಪ್ಪತ್ತರಷ್ಟು ಸಾವುಗಳಿಗೆ ಅತಿವೇಗವೇ ಕಾರಣವೆಂದು ಅದೇ ವರದಿ ಹೇಳುತ್ತದೆ. ಇವರೆಲ್ಲ ಪಂದ್ಯದ ಗಾಡಿಯವರಲ್ಲ. ಬಹುಪಾಲು ಬಡ ಗಾಡಿಯವರೇ. ಬಡ ಗಾಡಿಯ ವೇಗವೇ ಇಷ್ಟು ಜನರನ್ನು ಕೊಲ್ಲುವಲ್ಲಿ, ಅದರ ಮೂರರಷ್ಟು ವೇಗಕ್ಕೆ ಏನು ಕೆಲಸ?

ಮೂರನೆಯ ವಾದ ಸದ್ದಿನದು. ಕಾರ್ಖಾನೆ ಕೊಟ್ಟ ಸೈಲೆನ್ಸರನ್ನು ಕಿತ್ತೊಗೆದು ಪೊಳ್ಳು ಕೊಳವೆ ಹಾಕಿಸಿಕೊಳ್ಳುವವರು, “ಸದ್ದು ಕೇಳಿದರೆ ಜನ ಎಚ್ಚರಗೊಳ್ಳುತ್ತಾರೆ, ಅದು ಜೀವ ಉಳಿಸುತ್ತದೆ” ಎನ್ನುತ್ತಾರೆ. ಕೊಳವೆಯ ಬಾಯಿ ಇರುವುದು ಹಿಂದಕ್ಕೆ. ಗಾಡಿ ಹೋಗುವುದು ಮುಂದಕ್ಕೆ. ಎಚ್ಚರಗೊಳ್ಳಬೇಕಾದ ಎದುರಿನವನಿಗಿಂತ, ಹಾದುಹೋದ ಬೀದಿಯ ತೊಟ್ಟಿಲಿನ ಕೂಸಿಗೇ ಅದು ಹೆಚ್ಚು ಕೇಳಿಸುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಬಡಾವಣೆಗೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ರಾತ್ರಿಪಾಳಿ ಮುಗಿಸಿ ಎರಡು ಗಂಟೆಗೆ ಮನೆಗೆ ಬರುವ ಒಬ್ಬನೇ ಒಬ್ಬ ಸವಾರ ಜಯನಗರದಿಂದ ಬನಶಂಕರಿಯವರೆಗೆ ಎಷ್ಟು ಮನೆಗಳ ನಿದ್ದೆಯನ್ನು ಮುರಿಯುತ್ತಾನೆ! ಆನೆ ನಡೆದದ್ದೇ ದಾರಿ ಎನ್ನುತ್ತಾರೆ. ಆನೆಯಾದರೂ ಇಷ್ಟು ಸದ್ದು ಮಾಡದೆ ನಡೆಯುತ್ತದೆ.

ಇನ್ನು ಉಳಿದದ್ದು ಆನಂದದ ವಾದ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ದಿನವೆಲ್ಲ ಗಾಜಿನ ಕಟ್ಟಡದಲ್ಲಿ ಪರದೆಯ ಮುಂದೆ ಕೂರುವ ತರುಣ, ತನ್ನ ಬದುಕಿನಲ್ಲಿ ತನ್ನ ಕೈಗೆ ಓಗೊಡುವ ವಸ್ತು ಒಂದಾದರೂ ಇರಲೆಂದು ಬಯಸಿದರೆ ತಪ್ಪಲ್ಲ. ಸೊಗಸಾಗಿ ಮಾಡಿದ ಯಂತ್ರದ ಮೇಲಿನ ಪ್ರೀತಿ ವೀಣೆಯ ಮೇಲಿನ ಪ್ರೀತಿಗಿಂತ ಕೀಳೆಂದು ನಾನು ಹೇಳಲಾರೆ. ಆದರೆ ಪ್ರೀತಿಸುವವನು ಆ ವಿದ್ಯೆಯ ಮರ್ಯಾದೆಯನ್ನೂ ಅರಿಯಬೇಕಲ್ಲವೆ? 2023ರ ಸೆಪ್ಟೆಂಬರಿನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ಮೋಟೋ ಜಿಪಿ ಪಂದ್ಯ ನಡೆಯಿತು. ಜಗತ್ತಿನ ಮೇಲ್ಮಟ್ಟದ ಸವಾರರು ಬಂದಿದ್ದರು. ಎದೆಯಲ್ಲಿ ಗಾಳಿಚೀಲ ಹೊಲಿದ ಚರ್ಮದ ಉಡುಪು ಅವರಿಗೆ ಕಡ್ಡಾಯ. ಬಿದ್ದರೆ ಉರುಳಲು ಜಲ್ಲಿಯ ಹಾಸು, ಕೈಗೆಟಕುವ ದೂರದಲ್ಲಿ ವೈದ್ಯರು. ಅಷ್ಟಿದ್ದೂ ಸೆಕೆಯ ದೆಸೆಯಿಂದ 24 ಸುತ್ತಿನ ಪಂದ್ಯವನ್ನು 21ಕ್ಕೆ ಇಳಿಸಿದರು. ಅದಕ್ಕಿಂತ ಮುಖ್ಯವಾದ ಇನ್ನೊಂದು ನಿಯಮವಿದೆ. ಮೆಕ್ಯಾನಿಕರು ಓಡಾಡುವ, ಗಾಡಿಗಳು ಬಂದು ನಿಲ್ಲುವ ಓಣಿಗೆ ಪಿಟ್ ಲೇನ್ ಎಂದು ಹೆಸರು. ಅಲ್ಲಿ ಜಗಜ್ಜೆಟ್ಟಿಯಾದರೂ ಗಂಟೆಗೆ 60 ಕಿ.ಮೀ. ಮೀರುವಂತಿಲ್ಲ, ಮೀರಿದರೆ ದಂಡ. ಏಕೆಂದರೆ ಅಲ್ಲಿ ಕಾಲ್ನಡಿಗೆಯ ಮನುಷ್ಯರಿದ್ದಾರೆ. ನಮ್ಮ ಕೇಂದ್ರ ಸರ್ಕಾರ 2018ರ ಅಧಿಸೂಚನೆಯಲ್ಲಿ ನಗರದ ರಸ್ತೆಗಳಲ್ಲಿ ಮೋಟಾರು ಸೈಕಲ್ಲಿಗೆ ಹೇಳಿದ ಪರಮಾವಧಿಯೂ ಅದೇ 60.

ಎಂದರೆ, ಪಂದ್ಯದ ಲೋಕವೇ ಕಲಿಸುವ ಮೊದಲ ಪಾಠ ಇದು: ಜನರಿಲ್ಲದ ಕಡೆ ವೇಗ, ಜನರಿರುವ ಕಡೆ ಸಂಯಮ. ನಮ್ಮ ಊರಿನ ಪ್ರತಿಯೊಂದು ಬೀದಿಯೂ ಪಿಟ್ ಲೇನೇ. ಕಚೇರಿಯ ದಾರಿಯಲ್ಲಿ ತಾನು ರೇಸಿನವನೆಂದು ಬೀಗುವವನು ಬೀದಿಗೆ ಮಾಡುವ ಅಪಚಾರ ಒಂದಾದರೆ, ರೇಸಿಗೆ ಮಾಡುವ ಅವಮಾನ ಮತ್ತೊಂದು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ಪಂದ್ಯಗಳ ಮಹಿಳಾ ವಿಶ್ವಕಪ್ಪನ್ನು ಗೆದ್ದು ತಂದರು. ಆಕೆಯ ಧೈರ್ಯವನ್ನು ಜಗತ್ತು ಅಳೆದದ್ದು ಮರಳುಗಾಡಿನಲ್ಲಿ, ಗುಡ್ಡಗಾಡಿನಲ್ಲಿ. ಮಾರತಹಳ್ಳಿಯ ಸೇತುವೆಯ ಕೆಳಗಲ್ಲ.

ಆದ್ದರಿಂದ ಉಪದೇಶದಿಂದ ಈ ವಿಷಯ ತೀರುವುದಿಲ್ಲ, ಕಾನೂನು ಎಚ್ಚತ್ತುಕೊಳ್ಳಬೇಕು. ಹದಿನೆಂಟು ತುಂಬಿದ ಹುಡುಗ ಆರ್.ಟಿ.ಓ. ಮೈದಾನದಲ್ಲಿ ಅಪ್ಪನ 100 ಸಿ.ಸಿ. ಗಾಡಿಯ ಮೇಲೆ ಎಂಟರ ಅಂಕಿಯನ್ನು ಸುತ್ತಿ ತೋರಿಸಿದರೆ ಗೇರುಳ್ಳ ಮೋಟಾರು ಸೈಕಲ್ಲಿನ ಲೈಸೆನ್ಸು ಸಿಗುತ್ತದೆ. ಮಾರನೆಯ ದಿನ ಅದೇ ಲೈಸೆನ್ಸಿನ ಮೇಲೆ ಅವನು ಇನ್ನೂರು ಅಶ್ವಶಕ್ತಿಯ ಗಾಡಿಯನ್ನು ಏರಬಹುದು. ಈಜುಕೊಳದಲ್ಲಿ ಕಾಲಾಡಿಸಿದವನಿಗೆ ಜೋಗದ ಗುಂಡಿಗೆ ಧುಮುಕಲು ರಹದಾರಿ ಕೊಟ್ಟಂತೆ! ಯೂರೋಪಿನ ದೇಶಗಳು 2013ರಿಂದ ಇದಕ್ಕೆ ಮೆಟ್ಟಿಲುಗಳನ್ನು ಕಟ್ಟಿವೆ. ಮೊದಲು 125 ಸಿ.ಸಿ., ಹದಿನೈದು ಅಶ್ವಶಕ್ತಿ. ಆಮೇಲೆ 35 ಕಿಲೋವಾಟ್, ಅಂದರೆ ಸುಮಾರು ನಲವತ್ತೇಳು ಅಶ್ವಶಕ್ತಿ. ಅದರಲ್ಲಿ ಎರಡು ವರ್ಷ ಪಳಗಿ, ಇಲ್ಲವೆ ಇಪ್ಪತ್ತನಾಲ್ಕು ವಯಸ್ಸು ತುಂಬಿ, ಪರೀಕ್ಷೆ ಕೊಟ್ಟ ಮೇಲೆ ದೊಡ್ಡ ಗಾಡಿ. ನಮ್ಮ ಮೋಟಾರು ವಾಹನ ಕಾಯಿದೆಗೆ ಈ ಮೆಟ್ಟಿಲುಗಳನ್ನು ಸೇರಿಸುವುದು ಕಷ್ಟವೇನೂ ಅಲ್ಲ, ಮನಸ್ಸು ಬೇಕು. ಕಾರಿನವರಿಗೂ ಇಂಥ ಕಟ್ಟಳೆ ಬೇಡವೇ ಎಂದರೆ, ಬೇಕು; ಒಂದು ಬಾಗಿಲಿಗೆ ಬೀಗ ಹಾಕುವಾಗ ಇನ್ನೊಂದು ತೆರೆದಿದೆ ಎಂಬುದು ಬೀಗ ಹಾಕದಿರಲು ಕಾರಣವಾಗದು.

ಜೊತೆಗೆ ಈ ಯಂತ್ರಗಳಿಗೆ ಯೋಗ್ಯವಾದ ಜಾಗವೂ ಬೇಕು. ಮದರಾಸಿನ ಬಳಿಯ ಶೋಲಾವರದ ಹಳೆಯ ವಿಮಾನದ ಹಾದಿಯಲ್ಲಿ ದಶಕಗಳ ಕಾಲ ಪಂದ್ಯಗಳು ನಡೆದವು. ಆಮೇಲೆ ಇರುಂಗಾಟ್ಟುಕೋಟೈಯಲ್ಲಿ ಪಂದ್ಯದ ಹಾದಿಯನ್ನೇ ಕಟ್ಟಿದರು. ಕೊಯಮತ್ತೂರಿನಲ್ಲಿಯೂ ಒಂದಿದೆ. ಇಷ್ಟೊಂದು ಪಂದ್ಯದ ಗಾಡಿಗಳನ್ನು ಕೊಳ್ಳುವ ಬೆಂಗಳೂರಿನ ತರುಣ ಮದರಾಸಿಗೋ ಕೊಯಮತ್ತೂರಿಗೋ ಹೋಗಬೇಕಾಗಿರುವುದು ನಮಗೆ ಶೋಭಿಸುವುದಿಲ್ಲ. ಗಾಡಿ ಮಾರುವ ಕಂಪನಿಗಳೂ, ರಸ್ತೆ ತೆರಿಗೆಯನ್ನು ಲಕ್ಷಗಟ್ಟಲೆ ಎಣಿಸಿಕೊಳ್ಳುವ ಸರ್ಕಾರವೂ ಸೇರಿದರೆ ಊರ ಹೊರಗೆ ಒಂದು ಹಾದಿಯನ್ನು ಕಟ್ಟುವುದು ದೊಡ್ಡದಲ್ಲ.

ಅದೆಲ್ಲ ಆಗುವವರೆಗೆ, ಈ ಪತ್ರಿಕೆಯನ್ನು ಓದುವ ತಂದೆತಾಯಿಗಳ ಕೈಯಲ್ಲಿಯೂ ಒಂದು ಅಧಿಕಾರವಿದೆ. ಮಗನ ಸಾಲಪತ್ರಕ್ಕೆ ಜಾಮೀನು ಸಹಿ ಹಾಕುವವರು ಬಹಳ ಮನೆಗಳಲ್ಲಿ ನೀವೇ. ಕಂತು ಎಷ್ಟು ಎಂದು ಕೇಳುತ್ತೀರಿ, ಬಡ್ಡಿ ಎಷ್ಟು ಎಂದು ಕೇಳುತ್ತೀರಿ. ಮೂರನೆಯದಾಗಿ, “ಎಲ್ಲಿ ಓಡಿಸುತ್ತೀಯಪ್ಪಾ?” ಎಂದೂ ಕೇಳಿ. ಆ ಪ್ರಶ್ನೆಗೆ “ಆಫೀಸಿಗೆ” ಎಂಬ ಉತ್ತರ ಬಂದರೆ, ಪೆನ್ನಿನ ಮುಚ್ಚಳವನ್ನು ಹಾಕಿಬಿಡಿ.